ಕ್ಲಾಸಿಕ್ ಆಲ್ಬಮ್ ಪೂರ್ತಿ ಕೂತು ಕೇಳೋದು ಹೇಗೆ, ನಮ್ಮದೇ ಅಭಿಪ್ರಾಯ ಕಟ್ಕೊಳ್ಳೋದು ಹೇಗೆ

ಸಾರ್ವಕಾಲಿಕ ಶ್ರೇಷ್ಠ ನೂರು ಆಲ್ಬಮ್ ಅಂತ ಪಟ್ಟಿಗಳು ಬೇಕಾದಷ್ಟು ಸಿಗುತ್ತೆ. ಪಟ್ಟಿ ಸೇವ್ ಮಾಡ್ಕೊಂಡು ಮೇಲಿನ ನಾಲ್ಕೈದು ಆಲ್ಬಮ್ಮಿಂದ ಒಂದೊಂದು ಫೇಮಸ್ ಹಾಡು ಕೇಳಿ ಹಾಂ ಚೆನ್ನಾಗಿದೆ ಅಂತ ಬಿಟ್ಬಿಡೋರೇ ಜಾಸ್ತಿ, ಆಮೇಲೆ ಯಾರಾದ್ರೂ ನಿಂಗೇನನ್ಸ್ತು ಅಂತ ಕೇಳಿದ್ರೆ ಎಲ್ಲೋ ಓದಿದ ಮಾತೇ ಬಾಯಿಗೆ ಬರುತ್ತೆ. ನನ್ನ ಪ್ರಕಾರ ಅಭಿಪ್ರಾಯ ಅನ್ನೋದು ಹುಟ್ಟಬೇಕಾದ್ರೆ ಎರಡೇ ಎರಡು ಕೆಲಸ ಮಾಡ್ಬೇಕು: ಆಲ್ಬಮ್‌ನ ಮೊದಲಿಂದ ಕೊನೇವರೆಗೆ ಅವರು ಜೋಡಿಸಿದ ಕ್ರಮದಲ್ಲೇ ಕೇಳ್ಬೇಕು, ಮತ್ತೆ ಕೇಳುವಾಗ ಒಂದು ವಾದ್ಯನೋ ಒಂದು ದನಿನೋ ಆರಿಸ್ಕೊಂಡು ಅದರ ಹಿಂದೇನೇ ಹೋಗ್ಬೇಕು. ಯಾವ ಆಲ್ಬಮ್‌ಗೆ ಯಾವ್ದನ್ನ ಹಿಡೀಬೇಕು ಅಂತ ಗೊತ್ತಾದ್ರೆ ಜಾಸ್ ಆಗ್ಲಿ ಮೆಟಲ್ ಆಗ್ಲಿ ಬಾಖ್ ಆಗ್ಲಿ ಯಾವ್ದೂ ಪರಕೀಯ ಅನ್ಸಲ್ಲ.

ಮೊದ್ಲು ಸೆಟ್ಟಿಂಗ್ಸ್ ನೋಡ್ಕೊಳ್ಳಿ. ಶಫಲ್ ಆಫ್. ಆಟೋಪ್ಲೇ ಆಫ್, ಯಾಕಂದ್ರೆ ಆಲ್ಬಮ್ ಮುಗಿದ ತಕ್ಷಣ ಆ್ಯಪ್ ತನಗೆ ತೋಚಿದ ಇನ್ಯಾವ್ದೋ ಹಾಡು ಶುರು ಮಾಡಿ ಕೊನೇ ಸ್ವರ ಕಿವೀಲಿ ನಿಲ್ಲೋಕೂ ಬಿಡಲ್ಲ. ಒಂದು ಹಾಡನ್ನ ಇನ್ನೊಂದರೊಳಗೆ ಬೆರೆಸೋ ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಹಾಡುಗಳ ಮಧ್ಯೆ ಖಾಲಿ ಬಿಡದ ಗ್ಯಾಪ್‌ಲೆಸ್ ಅನ್ನೋ ಆಪ್ಷನ್ ಇದ್ರೆ ಆನ್ ಮಾಡಿ. ಡಿಲಕ್ಸ್ ಎಡಿಷನ್, ಆ್ಯನಿವರ್ಸರಿ ಎಡಿಷನ್ ಅಂತ ಬರೋದ್ರಲ್ಲಿ ಕೊನೆಗೆ ಬೋನಸ್ ಟ್ರ್ಯಾಕ್ ಸೇರಿಸಿರ್ತಾರೆ, ಅದು ಆಲ್ಬಮ್ ಅಲ್ಲ, ಒರಿಜಿನಲ್ ಎಲ್ಲಿ ಮುಗಿಯುತ್ತೋ ಅಲ್ಲೇ ನಿಲ್ಲಿಸಿ. ಹಳೇ ಎಲ್‌ಪಿ ಆಗಿದ್ರೆ ಸೈಡ್ ಒಂದು ಎಲ್ಲಿಗೆ ಮುಗಿಯುತ್ತೆ ಅಂತ ಮೊದ್ಲೇ ನೋಡ್ಕೊಂಡು ಅಲ್ಲಿ ಎದ್ದು ನೀರು ಕುಡ್ದು ಬನ್ನಿ, ಯಾಕಂದ್ರೆ ಒಂದು ಸೈಡಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ ಅಂತ ಲೆಕ್ಕ ಹಾಕಿ ಆ ತಿರುಗಿಸೋ ಹೊತ್ತನ್ನೂ ಮನಸಲ್ಲಿಟ್ಕೊಂಡೇ ಹಾಡು ಜೋಡಿಸಿರ್ತಿದ್ರು. ದುಬಾರಿ ಹೆಡ್‌ಫೋನ್ ಏನೂ ಬೇಡ, ಸಾಧಾರಣ ವೈರ್ ಇಯರ್‌ಫೋನ್ ಸಾಕು. ಫೋನ್ ಸ್ಪೀಕರ್ ಮಾತ್ರ ಬೇಡವೇ ಬೇಡ, ಅದ್ರಲ್ಲಿ ಬೇಸ್, ಅಂದ್ರೆ ತಗ್ಗಿನ ಸ್ವರಗಳು, ಕೇಳ್ಸೋದೇ ಇಲ್ಲ, ನಾನು ಮುಂದೆ ಹೇಳೋದ್ರಲ್ಲಿ ಅರ್ಧ ಬೇಸ್ ಬಗ್ಗೇನೇ ಇದೆ.

ಮೊದಲ ಸಲ ಕೇಳುವಾಗ ಏನೂ ಓದ್ಬೇಡಿ. ಎರಡನೇ ಸಲ ಒಂದು ವಾದ್ಯ ಹಿಡೀರಿ. ಯಾರು ನುಡಿಸಿದ್ದು, ಎಲ್ಲಿ ರೆಕಾರ್ಡ್ ಆಗಿದ್ದು ಅನ್ನೋದನ್ನ ಅದಾದ್ಮೇಲೆ ಓದಿ. ಈ ಕ್ರಮ ತಲೆಕೆಳಗಾದ್ರೆ ಬೇರೆಯವರ ಮಾತು ನಿಮ್ಮ ಕಿವಿಗಿಂತ ಮುಂಚೆ ಒಳಗೆ ಹೋಗಿ ಕೂತ್ಬಿಡುತ್ತೆ.

ಶುರು ಮಾಡೋಕೆ ನಾನು ಯಾವಾಗ್ಲೂ ಹೇಳೋದು ಜಾಸ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ಕೈಂಡ್ ಆಫ್ ಬ್ಲೂ, 1959ರದ್ದು. ಐದೇ ಟ್ರ್ಯಾಕ್, ಮುಕ್ಕಾಲು ಗಂಟೆ. ಜಾಸ್ ಅಂದ್ರೆ ತಲೆಬುಡ ಗೊತ್ತಾಗಲ್ಲ ಅನ್ನೋರಿಗೂ ಇದು ಒಗ್ಗುತ್ತೆ, ಅದಕ್ಕೆ ಕಾರಣಾನೂ ಇದೆ. ಆ ಕಾಲದ ಜಾಸ್‌ನಲ್ಲಿ ಕಾರ್ಡ್‌ಗಳು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪುಗಳು, ಪಟಪಟ ಅಂತ ಬದಲಾಗ್ತಿದ್ವು, ಸೋಲೋ ನುಡಿಸೋರು ಅದರ ಹಿಂದೆ ಓಡ್ಬೇಕಿತ್ತು, ಇಲ್ಲಿ ಮೈಲ್ಸ್ ಆ ಓಟ ನಿಲ್ಲಿಸಿ ಒಂದೊಂದು ಸ್ಕೇಲ್ ಮೇಲೇನೇ ತುಂಬಾ ಹೊತ್ತು ಕೂತ್ಕೊಳ್ಳೋಕೆ ಜಾಗ ಮಾಡ್ಕೊಟ್ರು. ಮೊದಲ ಟ್ರ್ಯಾಕ್ ಸೋ ವಾಟ್ ತಗೊಳ್ಳಿ. ಅದರ ಸ್ವರಗಳು ನಮ್ಮ ಖರಹರಪ್ರಿಯದ ಸ್ವರಗಳೇ, ಹಿಂದೂಸ್ತಾನಿಯಲ್ಲಿ ಹೇಳೋದಾದ್ರೆ ಕಾಫಿ ಥಾಟ್. ಗಮಕ ಇರಲ್ಲ, ರಾಗದ ನಡೆ ಇರಲ್ಲ, ಆದ್ರೆ ಆ ಏಳು ಸ್ವರ ಕಿವಿಗೆ ಪರಿಚಯದ್ದೇ. ಹದಿನಾರು ಬಾರ್ (ನಾಲ್ಕು ಎಣಿಕೆಯ ಒಂದು ಸುತ್ತು ಒಂದು ಬಾರ್) ಅದ್ರಲ್ಲೇ ಇದ್ದು ಆಮೇಲೆ ಎಂಟು ಬಾರ್ ಇಡೀ ಸ್ಕೇಲ್ ಅರ್ಧ ಸ್ವರ ಮೇಲಕ್ಕೆ ಹೋಗುತ್ತೆ, ಶ್ರುತಿಯನ್ನೇ ಎತ್ತಿಟ್ಟ ಹಾಗೆ, ಆಮೇಲೆ ಮತ್ತೆ ಎಂಟು ಬಾರ್ ವಾಪಸ್ ಕೆಳಗೆ. ಆಧಾರ ಷಡ್ಜ ಅಲ್ಲಾಡಬಾರ್ದು ಅಂತ ಕೇಳಿ ಬೆಳೆದ ಕಿವಿಗೆ ಆ ಎಂಟು ಬಾರ್ ನಿಜವಾಗ್ಲೂ ಝುಮ್ ಅನ್ಸುತ್ತೆ.

ಇಲ್ಲಿ ಹಿಡೀಬೇಕಾಗಿದ್ದು ಪಾಲ್ ಚೇಂಬರ್ಸ್ ಅವರ ಬೇಸ್, ತಗ್ಗಿನ ಸ್ವರದ ದೊಡ್ಡ ತಂತಿವಾದ್ಯ. ಶುರುವಲ್ಲಿ ಪಿಯಾನೋ ಬೇಸ್ ಎರಡೂ ತಾಳ ಇಲ್ದೆ ಮೆಲ್ಲಗೆ ತಡಕಾಡ್ತಾವೆ, ಆಮೇಲೆ ಮುಖ್ಯ ಧಾಟಿ ನುಡಿಸೋದು ಟ್ರಂಪೆಟ್ ಅಲ್ಲ, ಬೇಸೇ ನುಡಿಸೋದು, ಅದಕ್ಕೆ ಬಿಲ್ ಇವಾನ್ಸ್ ಪಿಯಾನೋ ಆಮೇಲೆ ಟ್ರಂಪೆಟ್ ಸ್ಯಾಕ್ಸಫೋನ್‌ಗಳು ಎರಡೇ ಕಾರ್ಡ್‌ನಲ್ಲಿ ಉತ್ತರ ಕೊಡ್ತಾವೆ. ಸುಮಾರು ಒಂದೂವರೆ ನಿಮಿಷ ಆದಾಗ ಮೈಲ್ಸ್ ಸೋಲೋ ಶುರು, ಸರಿಯಾಗಿ ಆ ಗಳಿಗೇಲಿ ಡ್ರಮ್ಸ್ ನುಡಿಸೋ ಜಿಮ್ಮಿ ಕಾಬ್ ಸಿಂಬಲ್ ಅನ್ನೋ ಲೋಹದ ತಟ್ಟೆ ಮೇಲೆ ಒಂದು ಏಟು ಹಾಕ್ತಾರೆ, ಆ ಸದ್ದು ಕರಗೋ ತನಕ ಹಿಂದೆ ಬೇಸ್ ಹೆಜ್ಜೆ ಹಾಕ್ಕೊಂಡು ನಡೀತಾ ಇರುತ್ತೆ. ನನ್ನ ಮಟ್ಟಿಗೆ ಇಡೀ ಆಲ್ಬಮ್‌ನ ಅತಿ ಸುಂದರ ಕ್ಷಣ ಅದು. ಮೈಲ್ಸ್ ಆದ್ಮೇಲೆ ಸ್ಯಾಕ್ಸಫೋನ್‌ನಲ್ಲಿ ಜಾನ್ ಕೋಲ್ಟ್ರೇನ್, ಆಮೇಲೆ ಇನ್ನೊಂದು ಸ್ಯಾಕ್ಸಫೋನ್‌ನಲ್ಲಿ ಕ್ಯಾನನ್‌ಬಾಲ್ ಆಡರ್ಲಿ, ಮೂವರ ಸ್ವಭಾವ ಎಷ್ಟು ಬೇರೆ ಅಂತ ಅದೇ ಜಾಗದಲ್ಲಿ ಒಬ್ಬರಾದ್ಮೇಲೆ ಒಬ್ಬರು ಬಂದಾಗ ಗೊತ್ತಾಗುತ್ತೆ, ಮೈಲ್ಸ್ ನಾಲ್ಕು ಸ್ವರ ಹೇಳಿ ಸುಮ್ಮನಾಗ್ತಾರೆ, ಕೋಲ್ಟ್ರೇನ್ ಇರೋ ಜಾಗ ಎಲ್ಲಾ ತುಂಬಿಸ್ತಾರೆ, ಆಡರ್ಲಿ ನಗ್ತಾ ಬಂದ ಹಾಗಿರುತ್ತೆ. ಎರಡನೇ ಟ್ರ್ಯಾಕ್‌ನಲ್ಲಿ ಪಿಯಾನೋ ಬೇರೆಯವರದ್ದು, ವಿಂಟನ್ ಕೆಲಿ, ಮೊದ್ಲೇ ಓದದೆ ಕಿವಿಯಿಂದಲೇ ಆ ಬದಲಾವಣೆ ಹಿಡಿದ್ರೆ ಭಾರಿ ಖುಷಿಯಾಗುತ್ತೆ. ಈಗಿನ ಬಹಳಷ್ಟು ಆವೃತ್ತಿಯಲ್ಲಿ ಕೊನೆಗೆ ಫ್ಲಮೆಂಕೋ ಸ್ಕೆಚಸ್ ಇನ್ನೊಂದು ಸಲ ಬರುತ್ತೆ, ಅದು ಬಿಟ್ಟುಹೋಗಿದ್ದ ಟೇಕ್, ಬೇರೆ ದಿನ ಕೇಳಿ.

ಇದು ರೆಕಾರ್ಡ್ ಆಗಿದ್ದು ನ್ಯೂಯಾರ್ಕ್‌ನಲ್ಲಿ ಕೊಲಂಬಿಯಾ ಕಂಪನಿಯವರ 30ನೇ ಸ್ಟ್ರೀಟ್ ಸ್ಟುಡಿಯೋದಲ್ಲಿ, ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಅದೇ ಕಟ್ಟಡದಲ್ಲಿ ನಾಲ್ಕು ವರ್ಷ ಮುಂಚೆ, 1955ರ ಜೂನ್‌ನಲ್ಲಿ, ಗ್ಲೆನ್ ಗೌಲ್ಡ್ ಅನ್ನೋ ಕೆನಡಾದ ಹುಡುಗ ಜರ್ಮನ್ ಸಂಗೀತಗಾರ ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಪಿಯಾನೋದಲ್ಲಿ ನುಡಿಸಿದ್ದ. ಮತ್ತೆ ಅಲ್ಲೇ 1981ರಲ್ಲಿ ಅದೇ ಕೃತಿಯನ್ನ ಇನ್ನೊಮ್ಮೆ ರೆಕಾರ್ಡ್ ಮಾಡಿದ್ರು, ಅದು ಹೊರಬಂದ 1982ರಲ್ಲೇ ತೀರ್ಕೊಂಡ್ರು. ವೆಸ್ಟರ್ನ್ ಕ್ಲಾಸಿಕಲ್ ಎಲ್ಲಿಂದ ಶುರು ಮಾಡೋದು ಅಂತ ಕೇಳೋರಿಗೆ ನಾನು ಈ ಜೋಡಿನೇ ಕೊಡೋದು, ಯಾಕಂದ್ರೆ ಕೃತಿ ಒಂದೇ, ಕೈ ಒಂದೇ, ಮಧ್ಯೆ ಇಪ್ಪತ್ತಾರು ವರ್ಷ. ಮೊದಲನೇದು ಮೂವತ್ತೆಂಟು ನಿಮಿಷಕ್ಕೆ ಮುಗಿದ್ರೆ ಎರಡನೇದು ಐವತ್ತೊಂದು ನಿಮಿಷ. ಮೊದಲು ಬರೋ ಆರಿಯಾ ಅನ್ನೋ ನಿಧಾನದ ಭಾಗ ಎರಡರಲ್ಲೂ ಬೆನ್ನಿಗೆ ಬೆನ್ನು ಹಾಕಿ ಕೇಳಿ, ಹಳೇದು ಎರಡು ನಿಮಿಷದೊಳಗೆ, ಹೊಸದು ಮೂರು ನಿಮಿಷ. ಆರಿಯಾ ಆದ್ಮೇಲೆ ಮೂವತ್ತು ವೇರಿಯೇಷನ್, ಕೊನೆಗೆ ಮತ್ತೆ ಆರಿಯಾ.

ಎಲ್ರೂ ಬಲಗೈ ಧಾಟಿ ಹಿಂದೆ ಹೋಗಿ ಮೂರನೇ ವೇರಿಯೇಷನ್ ಹೊತ್ತಿಗೆ ಕಳೆದುಹೋಗ್ತಾರೆ. ಎಡಗೈ ಹಿಡೀರಿ. ವೇರಿಯೇಷನ್ ಎಲ್ಲಾ ಹುಟ್ಟಿರೋದು ಆರಿಯಾದ ಮೇಲಿನ ಧಾಟಿಯಿಂದ ಅಲ್ಲ, ಅದರ ತಳದಲ್ಲಿರೋ ಬೇಸ್ ಮತ್ತು ಅದರ ಮೇಲಿನ ಸ್ವರಮೇಳದ ನಡೆಯಿಂದ. ಆರಿಯಾವನ್ನ ನಾಲ್ಕೈದು ಸಲ ಎಡಗೈಗೋಸ್ಕರಾನೇ ಕೇಳ್ಕೊಂಡ್ರೆ ಮುಂದೆ ಎಷ್ಟೇ ವೇಷ ಹಾಕಿ ಬಂದ್ರೂ ಅದೇ ನಡೆ ಅಂತ ಗುರುತು ಸಿಗುತ್ತೆ. ಮೂವತ್ತನೇದೊಂದು ಬಿಟ್ರೆ ಪ್ರತಿ ಮೂರನೇದು ಕ್ಯಾನನ್, ಅಂದ್ರೆ ಒಂದು ದನಿ ಹೇಳಿದ್ದನ್ನ ಇನ್ನೊಂದು ದನಿ ಸ್ವಲ್ಪ ತಡವಾಗಿ ಹಿಂಬಾಲಿಸೋದು. ಪೂರ್ತಿ ಕೇಳೋಕೆ ಟೈಮ್ ಇಲ್ಲ ಅಂದ್ರೂ ಇಪ್ಪತ್ತೈದನೇದು ಬಿಡ್ಬೇಡಿ, ಅದು ಮೈನರ್‌ನಲ್ಲಿರೋದು, ಎದೆ ಭಾರ ಮಾಡುತ್ತೆ. ಗೌಲ್ಡ್ ನುಡಿಸ್ತಾ ನುಡಿಸ್ತಾ ಗುನುಗೋದೂ ರೆಕಾರ್ಡಿಂಗ್‌ನಲ್ಲಿ ಕೇಳ್ಸುತ್ತೆ, ಕೆಲವರಿಗೆ ಅದು ಕಿರಿಕಿರಿ, ನಂಗೆ ಅದು ಇಷ್ಟ. 1955ರದ್ದು ಮಿಂಚು, ಜನ ಅದನ್ನೇ ಹೊಗಳ್ತಾರೆ. ನನ್ನ ಓಟು 1981ಕ್ಕೆ. ಅದ್ರಲ್ಲಿ ಒಂದು ವೇರಿಯೇಷನ್ನಿಂದ ಇನ್ನೊಂದಕ್ಕೆ ಲಯದ ಲೆಕ್ಕ ತಪ್ಪದೆ ಸಾಗುತ್ತೆ, ಇಡೀ ಕೃತಿ ಒಂದೇ ಉಸಿರಲ್ಲಿ ಹೇಳಿದ ಹಾಗನ್ಸುತ್ತೆ.

ನಮ್ಮ ಕಡೆ ಆಲ್ಬಮ್ ಅಂದ್ರೆ ಕಛೇರಿಯ ರೆಕಾರ್ಡಿಂಗೋ ಸಿನಿಮಾ ಹಾಡೋ ಅನ್ನೋ ಕಾಲದಲ್ಲಿ, 1967ರಲ್ಲಿ ಎಚ್‌ಎಂವಿಯಿಂದ ಕಾಲ್ ಆಫ್ ದಿ ವ್ಯಾಲಿ ಬಂತು. ಶಿವಕುಮಾರ್ ಶರ್ಮ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಬಾನ್ಸುರಿ, ಬ್ರಿಜ್‌ಭೂಷಣ್ ಕಾಬ್ರಾ ಗಿಟಾರ್. ಕಾಶ್ಮೀರದ ಕಣಿವೆಯ ಒಬ್ಬ ಕುರಿ ಕಾಯೋನ ಒಂದು ದಿನ ಅನ್ನೋ ಕಲ್ಪನೆ, ಬೆಳಗ್ಗೆ ಅಹಿರ್ ಭೈರವ್ ನಟ್ ಭೈರವ್‌ನಿಂದ ಶುರುವಾಗಿ ಪೀಲೂ, ಭೂಪ್, ದೇಸ್ ದಾಟಿ ಪಹಾಡಿಗೆ ಬಂದು ಮುಗಿಯುತ್ತೆ. ರಾಗಕ್ಕೆ ಹೊತ್ತು ಅನ್ನೋದು ಮೊದ್ಲಿಂದಲೂ ಇದ್ದಿದ್ದೇ, ಇವರು ಅದನ್ನೇ ಎಲ್‌ಪಿಯ ಎರಡು ಸೈಡಿಗೆ ಕಥೆಯಾಗಿ ಹೊಂದಿಸಿದ್ರು. ಹಾಗಾಗಿ ಇದನ್ನ ಶಫಲ್‌ನಲ್ಲಿ ಕೇಳಿದ್ರೆ ಬೆಳಗ್ಗೆ ರಾತ್ರಿ ಎಲ್ಲಾ ಕಲಸಿಹೋಗುತ್ತೆ.

ಕೇಳುವಾಗ ಒಂದೇ ವಿಷಯ ಗಮನಿಸಿ: ಮೀಂಡ್, ಅಂದ್ರೆ ಸ್ವರದಿಂದ ಸ್ವರಕ್ಕೆ ಜಾರೋದು, ಯಾರ ಕೈಲಿದೆ. ಸಂತೂರ್ ತಂತಿಗಳನ್ನ ಪುಟ್ಟ ಕೋಲಿಂದ ಹೊಡೆದು ನುಡಿಸೋದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋಕೆ ಅದ್ರಲ್ಲಿ ಬಾನ್ಸುರಿ ಥರ ಆಗಲ್ಲ, ಅದಕ್ಕೇ ಶರ್ಮ ಅವರು ಕೋಲನ್ನ ತಂತಿ ಮೇಲೆ ನಡುಗಿಸಿ ಸ್ವರವನ್ನ ಹಿಡಿದಿಡ್ತಾರೆ. ಜಾರೋ ಕೆಲಸ ಬಾನ್ಸುರಿಯದ್ದು ಮತ್ತೆ ಕಾಬ್ರಾ ಅವರ ಗಿಟಾರ್‌ದು, ಅವರು ಗಿಟಾರ್‌ನ ಮಲಗಿಸಿ ಸ್ಲೈಡ್ ಇಟ್ಟು ನುಡಿಸೋರು. ಈ ಹಂಚಿಕೆ ಕಿವಿಗೆ ಬಿದ್ದ ಮೇಲೆ ಮೂರು ವಾದ್ಯ ಯಾಕೆ ಒಂದರ ಮೇಲೊಂದು ಬಿದ್ದು ಗಲಾಟೆ ಆಗಲ್ಲ ಅಂತ ಅರ್ಥ ಆಗುತ್ತೆ. ಶಾಸ್ತ್ರೀಯ ಸಂಗೀತವನ್ನ ಆಳವಾಗಿ ಕೇಳೋರು ಕೆಲವರು ಇದನ್ನ ತೆಳು ಅಂತಾರೆ, ರಾಗ ಬೆಳೆಯೋಕೆ ಜಾಗ ಇಲ್ಲ ಅಂತಾರೆ. ಒಂದು ರಾಗದ ಪೂರ್ತಿ ವಿಸ್ತಾರ ಬೇಕಿದ್ರೆ ಇದು ಜಾಗ ಅಲ್ಲ ಅನ್ನೋದು ನಿಜವೇ, ಆದ್ರೆ ಹೊತ್ತು ಹೇಗೆ ಹೊರಳುತ್ತೆ ಅಂತ ಇಷ್ಟು ಕಡಿಮೆ ಸಮಯದಲ್ಲಿ ಕಿವಿಗೆ ತೋರಿಸಿದ ಬೇರೆ ಆಲ್ಬಮ್ ನಂಗೆ ಸಿಕ್ಕಿಲ್ಲ.

ಇಲ್ಲಿಂದ ಹಾಗೇ ಶಕ್ತಿ ತಂಡದ ಮೊದಲ ಆಲ್ಬಮ್‌ಗೂ ಹೋಗ್ಬಹುದು, 1975ರ ಜುಲೈನಲ್ಲಿ ಲೈವ್ ಆಗಿ ರೆಕಾರ್ಡ್ ಆಗಿದ್ದು. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್ ಶಂಕರ್ ವಯೊಲಿನ್, ಜಾಕಿರ್ ಹುಸೇನ್ ತಬಲಾ, ವಿಕ್ಕು ವಿನಾಯಕರಾಮ್ ಘಟ. ತಾಳ ಹಾಕ್ಕೊಂಡು ಕೇಳಿ, ಮೊದಲ ಟ್ರ್ಯಾಕೇ ಹದಿನೆಂಟು ನಿಮಿಷ, ಕೈ ಬಿಟ್ರೆ ಗಿಟಾರ್ ವೇಗಕ್ಕೆ ಮರುಳಾಗಿ ಘಟ ಏನು ಹೇಳ್ತಿದೆ ಅನ್ನೋದೇ ತಪ್ಪಿಹೋಗುತ್ತೆ.

ರಾಕ್‌ಗೆ ಬರೋಣ. ಪಿಂಕ್ ಫ್ಲಾಯ್ಡ್‌ನ ದಿ ಡಾರ್ಕ್ ಸೈಡ್ ಆಫ್ ದಿ ಮೂನ್, 1973. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 700ಕ್ಕೂ ಹೆಚ್ಚು ವಾರ ಇದ್ದ ಆಲ್ಬಮ್ ಇದು. ನಾನು ಗ್ಯಾಪ್‌ಲೆಸ್ ಆನ್ ಮಾಡಿ ಅಂದಿದ್ದು ಮುಖ್ಯವಾಗಿ ಇದಕ್ಕೇ, ಒಂದು ಹಾಡಿನ ಬಾಲ ಇನ್ನೊಂದರ ತಲೆಗೆ ಅಂಟ್ಕೊಂಡಿರುತ್ತೆ, ಮಧ್ಯೆ ಅರ್ಧ ಸೆಕೆಂಡ್ ಖಾಲಿ ಬಿದ್ರೂ ಕೆಟ್ಟುಹೋಗುತ್ತೆ. ಸೈಡ್ ಎರಡರ ಮೊದಲ ಹಾಡು ಮನಿ, ಕಾಸಿನ ಸದ್ದನ್ನ ಟೇಪ್‌ನಲ್ಲಿ ಕತ್ತರಿಸಿ ಜೋಡಿಸಿ ಲೂಪ್ ಮಾಡಿ ತಾಳ ಹಿಡಿಸಿದ್ದಾರೆ, ಏಳು ಎಣಿಕೆ. ಮಿಶ್ರಚಾಪು ಹಾಕಿ ಅಭ್ಯಾಸ ಇರೋರಿಗೆ ಏಳು ಏನು ಕಷ್ಟ ಅಲ್ಲ, ಎಣಿಸ್ಕೊಂಡು ಹೋಗಿ, ಸ್ಯಾಕ್ಸಫೋನ್ ಮುಗಿದು ಗಿಟಾರ್ ಸೋಲೋ ಶುರುವಾದಾಗ ನಿಮ್ಮ ಎಣಿಕೆ ತಪ್ಪುತ್ತೆ, ಯಾಕಂದ್ರೆ ಅಲ್ಲಿ ನಾಲ್ಕಕ್ಕೆ ಬದಲಾಗುತ್ತೆ.

ಆದ್ರೆ ಈ ಆಲ್ಬಮ್‌ನಲ್ಲಿ ನಂಗೆ ಎಲ್ಲಕ್ಕಿಂತ ದೊಡ್ಡದು ಸೈಡ್ ಒಂದರ ಕೊನೇ ಹಾಡು, ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ. ತಂಡದ ರಿಚರ್ಡ್ ರೈಟ್ ನುಡಿಸೋ ಪಿಯಾನೋ ಮೇಲೆ ಕ್ಲೇರ್ ಟೋರಿ ಅನ್ನೋ ಗಾಯಕಿ ಒಂದೂ ಪದ ಇಲ್ದೆ ಹಾಡಿದ್ದಾರೆ. ಪದ ಇಲ್ಲದ ದನಿಯನ್ನ ಆಲಾಪದಲ್ಲಿ ಕೇಳಿ ಬೆಳೆದೋರಿಗೆ ಇದು ಥಟ್ ಅಂತ ತಾಗುತ್ತೆ, ಮೊದಲು ಕೂಗು, ಆಮೇಲೆ ಬೇಡಿಕೆ, ಕೊನೆಗೆ ಒಪ್ಕೊಂಡು ಸುಮ್ಮನಾಗೋದು. ಆವತ್ತು ಸ್ಟುಡಿಯೋದಲ್ಲಿ ಆಕೆಗೆ ಸಿಕ್ಕಿದ್ದು 30 ಪೌಂಡ್. ಮುಂದೆ ಕೋರ್ಟಿಗೆ ಹೋಗಿ 2005ರಲ್ಲಿ ರಾಜಿ ಆಗಿ ಈಗ ಸಂಗೀತ ರಚನೆಯಲ್ಲಿ ರೈಟ್ ಜೊತೆ ಆಕೆಯ ಹೆಸರೂ ಇದೆ, ಇರ್ಲೇಬೇಕಿತ್ತು, ಆ ಧಾಟಿ ಆಕೆ ಗಂಟಲಿಂದ ಬಂದಿದ್ದು.

ಮೆಟಲ್ ಬರೀ ಗದ್ದಲ ಅನ್ನೋರು ಮೆಟಾಲಿಕಾದ ಮಾಸ್ಟರ್ ಆಫ್ ಪಪೆಟ್ಸ್ ಕೇಳ್ಬೇಕು, 1986. ಎಂಟು ಹಾಡು. ದನಿ ಬಿಡಿ, ಸೋಲೋ ಬಿಡಿ, ಗಿಟಾರ್ ನುಡಿಸೋ ಜೇಮ್ಸ್ ಹೆಟ್‌ಫೀಲ್ಡ್ ಬಲಗೈ ಹಿಡೀರಿ. ಟೈಟಲ್ ಹಾಡಿನ ಆ ಮುಖ್ಯ ರಿಫ್‌ನಲ್ಲಿ, ಅಂದ್ರೆ ಮತ್ತೆ ಮತ್ತೆ ಬರೋ ಗಿಟಾರ್ ತುಣುಕಲ್ಲಿ, ಪಿಕ್ಕನ್ನ ಮೇಲೆ ಕೆಳಗೆ ಆಡಿಸಿದ್ರೆ ಕೆಲಸ ಸುಲಭ, ಅವರು ಬರೀ ಕೆಳಗಿನ ಹೊಡೆತದಲ್ಲೇ ಅಷ್ಟು ವೇಗವಾಗಿ ನುಡಿಸ್ತಾರೆ, ಪ್ರತಿ ಸ್ವರಕ್ಕೂ ಒಂದೇ ತೂಕ ಬರೋದು ಅದಕ್ಕೇ. ಗಿಟಾರ್ ಕಲೀತಿರೋರು ಒಂದು ನಿಮಿಷ ಪ್ರಯತ್ನ ಮಾಡಿದ್ರೆ ಮುಂಗೈ ಉರಿದು ಗೊತ್ತಾಗುತ್ತೆ. ಮೂರೂವರೆ ನಿಮಿಷದ ಆಸುಪಾಸಲ್ಲಿ ಎಲ್ಲಾ ನಿಂತು ಎರಡು ಗಿಟಾರ್ ಮೆಲ್ಲಗೆ ಜೋಡಿಯಾಗಿ ಹಾಡೋಕೆ ಶುರು ಮಾಡ್ತಾವಲ್ಲ, ಆ ಭಾಗ ಗೊತ್ತಿದ್ದೂ ಯಾರಾದ್ರೂ ಇದನ್ನ ಬರೀ ಗದ್ದಲ ಅಂದ್ರೆ ನಾನು ಒಪ್ಪಲ್ಲ. ಇನ್ನೂ ನನ್ನ ಅಚ್ಚುಮೆಚ್ಚು ಓರಿಯನ್, ಪದಗಳೇ ಇಲ್ಲ, ಮಧ್ಯದಲ್ಲಿ ಕ್ಲಿಫ್ ಬರ್ಟನ್ ಬೇಸ್ ಒಂದೇ ಮುಂದೆ ಬಂದು ದಾರಿ ತೋರಿಸುತ್ತೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನಲ್ಲಿ ಬಸ್ ಅಪಘಾತದಲ್ಲಿ ಬರ್ಟನ್ ಹೋಗ್ಬಿಟ್ರು, ಇಪ್ಪತ್ನಾಲ್ಕೇ ವಯಸ್ಸು. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಬೆಂಗಳೂರು ಅರಮನೆ ಮೈದಾನಕ್ಕೆ ಬಂದಾಗ ದೇಶದ ಎಲ್ಲೆಲ್ಲಿಂದಲೋ ಜನ ಬಂದಿದ್ರು, ನಮ್ಮೂರ ಮೆಟಲ್ ಹುಡುಗರಿಗೆ ಆ ತಾರೀಕು ಇವತ್ತಿಗೂ ಬಾಯಿಪಾಠ.

ಹಿಪ್ ಹಾಪ್‌ಗೆ ನಾಸ್‌ನ ಇಲ್‌ಮ್ಯಾಟಿಕ್, 1994, ನಲವತ್ತು ನಿಮಿಷ ಅಷ್ಟೇ. ಇಲ್ಲಿ ಮಾತ್ರ ಸಾಹಿತ್ಯ ಕೈಲಿಟ್ಕೊಂಡು ಕೇಳಿ, ಕ್ವೀನ್ಸ್‌ಬ್ರಿಡ್ಜ್ ಅನ್ನೋ ನ್ಯೂಯಾರ್ಕ್‌ನ ಸರ್ಕಾರಿ ವಸತಿಯ ಇಪ್ಪತ್ತು ವರ್ಷದ ಹುಡುಗ ತನ್ನ ಬೀದಿ ಬಗ್ಗೆ ಹೇಳ್ತಿದ್ದಾನೆ, ಆಡುಮಾತು ಜಾಸ್ತಿ, ಬರೀ ಕಿವಿಗೆ ಹಿಡಿಯೋದು ಕಷ್ಟ. ಪ್ರಾಸ ಸಾಲಿನ ಕೊನೆಗೆ ಮಾತ್ರ ಬರಲ್ಲ, ಮಧ್ಯಮಧ್ಯದಲ್ಲೇ ಸಿಕ್ಕಾಕ್ಕೊಳ್ತಾ ಹೋಗುತ್ತೆ, ಪೆನ್ಸಿಲ್ ತಗೊಂಡು ಗುರುತು ಹಾಕಿದ್ರೆ ಎಷ್ಟು ದಟ್ಟ ಅಂತ ಕಣ್ಣಿಗೇ ಕಾಣುತ್ತೆ. ಒಂದು ಹಾಡಿನ ಕೊನೇಲಿ ಟ್ರಂಪೆಟ್ ಥರದ ಕಾರ್ನೆಟ್ ಬರುತ್ತೆ, ನುಡಿಸಿರೋದು ನಾಸ್‌ನ ತಂದೆ ಓಲು ದಾರಾ, ಅವರು ಜಾಸ್ ವಾದಕರು.

ಭಾವಗೀತೆಗೆ ದಾರಿ ಪೂರ್ತಿ ಉಲ್ಟಾ. ಮೊದ್ಲು ಕವಿತೆ ಓದಿ, ಜೋರಾಗಿ ಓದಿ, ಆಮೇಲೆ ಕ್ಯಾಸೆಟ್ ಕೇಳಿ. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ನಿತ್ಯೋತ್ಸವ 1978ರಲ್ಲಿ ಬಂತು, ಕನ್ನಡ ಭಾವಗೀತೆಯ ಮೊದಲ ಕ್ಯಾಸೆಟ್ ಅಂತಲೇ ಅದಕ್ಕೆ ಹೆಸರು. ಅದರ ಟೈಟಲ್ ಗೀತೆಯನ್ನ ನವೆಂಬರ್ ಬಂದ್ರೆ ಪ್ರತಿ ಸ್ಕೂಲಲ್ಲೂ ಹಾಡ್ತಾರೆ, ಹಾಗಾಗಿ ಕಿವಿ ಅದನ್ನ ಕೇಳೋದನ್ನೇ ನಿಲ್ಲಿಸಿಬಿಟ್ಟಿರುತ್ತೆ. ಓದಿ ಕೇಳಿದ್ರೆ ಸಂಗೀತಗಾರ ಯಾವ ಸಾಲನ್ನ ಎರಡು ಸಲ ಹೇಳಿದ್ರು, ಎಲ್ಲಿ ತಡೆದ್ರು, ಯಾವ ಪದದ ಮೇಲೆ ಸ್ವರ ಎತ್ತಿದ್ರು ಅನ್ನೋದು ಗೊತ್ತಾಗುತ್ತೆ, ರಾಗ ಹಾಕೋದು ಅಂದ್ರೆ ಕವಿತೆಯನ್ನ ಒಂದು ಥರ ಓದಿ ತೋರಿಸೋದೇ. ಸಿ ಅಶ್ವತ್ಥ್ ಅವರ ಶರೀಫರ ಹಾಡುಗಳಿಗೂ ಇದೇ ಮಾತು. ಕೋಡಗನ್ನ ಕೋಳಿ ನುಂಗಿತ್ತದಲ್ಲಿ ಅವರ ದನಿಯ ಒರಟು ಇದ್ಯಲ್ಲ ಅದು ಬೇಕಂತಲೇ ಇಟ್ಟಿರೋದು, ನಯವಾಗಿ ಹಾಡಿದ್ರೆ ಆ ಒಗಟಿನ ಮಾತಿಗೆ ಅಷ್ಟು ಧೈರ್ಯ ಬರ್ತಿರ್ಲಿಲ್ಲ ಅಂತ ನಂಗನ್ಸುತ್ತೆ.

ಈಗ ಅಭಿಪ್ರಾಯ ಬರೆಯೋ ವಿಷಯ. ಸ್ಟಾರ್ ಕೊಡೋಕೆ ಹೋಗ್ಬೇಡಿ. ಎಲ್ಲಿ ಮನಸು ಬೇರೆ ಕಡೆ ಹೋಯ್ತು, ಯಾವ ಹಾಡಿಗೆ ವಾಪಸ್ ಹೋಗ್ಬೇಕು ಅನ್ಸ್ತು, ಯಾವ ಹಾಡು ತೆಗೆದ್ರೂ ಆಲ್ಬಮ್‌ಗೆ ಏನೂ ಆಗಲ್ಲ, ಇಷ್ಟನ್ನ ಬರೀರಿ, ಪ್ರತಿ ಮಾತಿಗೂ ಹಾಡಿನ ಹೆಸರು, ಸಾಧ್ಯ ಆದ್ರೆ ನಿಮಿಷಾನೂ ಹಾಕಿ. "ಅದ್ಭುತ" ಅಂತ ಬರೆದ್ರೆ ನಾಳೆ ನಿಮಗೇ ಏನೂ ನೆನಪಾಗಲ್ಲ, "ಒಂದೂವರೆ ನಿಮಿಷಕ್ಕೆ ಸಿಂಬಲ್" ಅಂತ ಬರೆದ್ರೆ ಪೂರ್ತಿ ಕಿವಿಗೆ ಬರುತ್ತೆ. ದೊಡ್ಡ ಹೆಸರು ಅಂತ ಹೆದರ್ಬೇಡಿ. ಮೈಕಲ್ ಜಾಕ್ಸನ್‌ನ ಥ್ರಿಲ್ಲರ್ 1982ರದ್ದು, ಒಂಬತ್ತು ಹಾಡಲ್ಲಿ ಏಳು ಸಿಂಗಲ್ ಆಗಿ, ಅಂದ್ರೆ ಬಿಡಿಬಿಡಿಯಾಗಿಯೂ, ಬಂದ್ವು, ಬಿಲ್ಲಿ ಜೀನ್‌ನ ಡ್ರಮ್ ಮತ್ತು ಬೇಸ್‌ಗೆ ನಾನೂ ತಲೆಬಾಗ್ತೀನಿ, ಆದ್ರೂ ದಿ ಗರ್ಲ್ ಈಸ್ ಮೈನ್ ನಂಗೆ ಸಪ್ಪೆ ಅನ್ಸುತ್ತೆ, ಹಾಡುಗಳ ಕ್ರಮ ಬದಲಾಯಿಸಿದ್ರೂ ಅದ್ರಲ್ಲಿ ಅಂಥ ವ್ಯತ್ಯಾಸ ಆಗಲ್ಲ, ಹಾಗಾಗಿ ನಂಗೆ ಅದು ಒಳ್ಳೊಳ್ಳೆ ಹಾಡುಗಳ ಸಂಗ್ರಹ, ಡಾರ್ಕ್ ಸೈಡ್ ಥರ ಒಂದೇ ಮೈ ಇರೋ ಆಲ್ಬಮ್ ಅಲ್ಲ. ನೀವು ಒಪ್ಪಬೇಕಿಲ್ಲ, ಆದ್ರೆ ಒಪ್ಪದಿದ್ರೆ ನೀವೂ ಹಾಡಿನ ಹೆಸರು ಹಿಡಿದೇ ಹೇಳ್ಬೇಕು.

ಮುಂದಿನ ಆಲ್ಬಮ್ ಯಾವ್ದು ಅಂತ ಪಟ್ಟಿ ನೋಡೋ ಅಗತ್ಯ ಬೀಳಲ್ಲ, ಇಷ್ಟ ಆದ ಹಾಡಿನ ಕ್ರೆಡಿಟ್ಸ್ ತೆರೆದು ಒಂದು ಹೆಸರು ಹಿಡ್ಕೊಂಡು ಹೋಗಿ. ಇಲ್‌ಮ್ಯಾಟಿಕ್‌ನ ದಿ ವರ್ಲ್ಡ್ ಈಸ್ ಯುವರ್ಸ್‌ನಲ್ಲಿ ಸುತ್ತಿ ಸುತ್ತಿ ಬರೋ ಪಿಯಾನೋ ತುಣುಕು ಜಾಸ್ ಪಿಯಾನೋ ವಾದಕ ಅಹ್ಮದ್ ಜಮಾಲ್ ಅವರದ್ದು, ಆ ಹಾಡಿನ ಪ್ರೊಡ್ಯೂಸರ್ ಪೀಟ್ ರಾಕ್ ಅದನ್ನ ಸ್ಯಾಂಪಲ್ ಮಾಡಿರೋದು, ಅಂದ್ರೆ ಹಳೇ ರೆಕಾರ್ಡಿಂದ ಎತ್ತಿ ಬಳಸಿರೋದು. ಮೈಲ್ಸ್ ಡೇವಿಸ್ ಕೂಡ ಈ ಜಮಾಲ್‌ನ ತುಂಬಾ ಮೆಚ್ಚಿದ್ದೋರು. ಹಾಗಾದ್ರೆ ಮುಂದಿಂದು ಜಮಾಲ್ 1958ರಲ್ಲಿ ಶಿಕಾಗೋದ ಪರ್ಶಿಂಗ್ ಹೋಟೆಲ್‌ನ ಲೌಂಜ್‌ನಲ್ಲಿ ಲೈವ್ ಆಗಿ ರೆಕಾರ್ಡ್ ಮಾಡಿದ ಬಟ್ ನಾಟ್ ಫಾರ್ ಮಿ. ಅದ್ರಲ್ಲಿ ಪಾಯಿನ್ಸಿಯಾನ ಅಂತ ಎಂಟು ನಿಮಿಷದ್ದೊಂದಿದೆ, ಪಿಯಾನೋ ಬಿಟ್ಟು ವರ್ನೆಲ್ ಫೂರ್ನಿಯೇ ಅವರ ಡ್ರಮ್ಸ್ ಹಿಡೀರಿ.